ಸಂತ ಪ್ಯಾಟ್ರಿಕನ ಎರಡು ಚರಿತ್ರೆಗಳು

ಮಹಾಪುರುಷನೊಬ್ಬನ ಬಾಳನ್ನು ಭಕ್ತರು ಬರೆಯುವ ಬಗೆ ಒಂದು. ಅವನೇ ತನ್ನನ್ನು ಕುರಿತು ಹೇಳಿಕೊಳ್ಳುವ ಬಗೆ ಇನ್ನೊಂದು. ಐದನೆಯ ಶತಮಾನದಲ್ಲಿ ಐರ್ಲೆಂಡಿನಲ್ಲಿ ಕ್ರೈಸ್ತಧರ್ಮವನ್ನು ಬೋಧಿಸಿದ ಸಂತ ಪ್ಯಾಟ್ರಿಕನ ವಿಷಯದಲ್ಲಿ ಇವೆರಡೂ ನಮಗೆ ದೊರೆತಿವೆ. ಅವನೇ ಲ್ಯಾಟಿನ್ನಿನಲ್ಲಿ ಬರೆದ 'ಆತ್ಮನಿವೇದನೆ' ಮೊದಲನೆಯದು. ಏಳನೆಯ ಶತಮಾನದ ಕೊನೆಗೆ ಮುಯಿರ್ಖೂ ಎಂಬ ಐರಿಷ್ ಪಂಡಿತನು ರಚಿಸಿದ ಚರಿತ್ರೆ ಎರಡನೆಯದು.

ಪ್ಯಾಟ್ರಿಕನು ಬ್ರಿಟನ್ನಿನವನು, ತಂದೆ ಧರ್ಮಸಭೆಯ ಸೇವಕ, ಅಜ್ಜ ಪಾದ್ರಿ. ಹದಿನಾರರ ಹೊತ್ತಿಗೆ ಕಡಲುಗಳ್ಳರ ಕೈಗೆ ಸಿಕ್ಕಿ ಐರ್ಲೆಂಡಿನಲ್ಲಿ ಆರು ವರ್ಷ ಗುಲಾಮನಾಗಿ ಮಂದೆ ಕಾಯ್ದನು. ದೇವರನ್ನು ಅರಿತದ್ದು ಅಲ್ಲಿಯ ಕಾಡುಬೆಟ್ಟಗಳಲ್ಲಿ, ಮಳೆ ಹಿಮಗಳ ನಡುವೆ. ತಪ್ಪಿಸಿಕೊಂಡು ಮನೆಗೆ ಮರಳಿದವನನ್ನು ಕನಸಿನಲ್ಲಿ ಐರಿಷ್ ಜನರ ದನಿಯೇ ಮರಳಿ ಕರೆಯಿತು. ತನ್ನನ್ನು ದಾಸನನ್ನಾಗಿಸಿದ ನಾಡಿಗೇ ಅವನು ಸೇವಕನಾಗಿ ಹಿಂದಿರುಗಿದನು.

ಮುಯಿರ್ಖೂ ಮೊದಲ ಭಾಗದಲ್ಲಿ ಈ ಆತ್ಮಕಥನವನ್ನೇ ಅನುಸರಿಸುತ್ತಾನೆ. ಆದರೆ ಮುಂದೆ ಅವನ ಪ್ಯಾಟ್ರಿಕನು ಈಸ್ಟರಿನ ಬೆಂಕಿ ಹೊತ್ತಿಸಿ, ತಾರಾದ ದೊರೆಯೆದುರು ಮಂತ್ರವಾದಿಗಳನ್ನು ಪವಾಡಗಳಿಂದ ಸೋಲಿಸುತ್ತಾನೆ. ಕಥನ ಬಿಗಿಯಾಗಿದೆ, ದೃಶ್ಯಗಳು ಕಣ್ಣಿಗೆ ಕಟ್ಟುತ್ತವೆ. ಇದನ್ನು ಒಪ್ಪದಿರುವುದು ಅನ್ಯಾಯ. ಆದರೂ ಇಲ್ಲಿ ಗೆಲ್ಲುವವನು ವೀರನೇ ಹೊರತು ಆ ಮಂದೆ ಕಾಯ್ದ ಹುಡುಗನಲ್ಲ. ಹಾವುಗಳನ್ನು ಓಡಿಸಿದ ಕಥೆಯಂತೂ ಹನ್ನೆರಡನೆಯ ಶತಮಾನದ ಬರಹಗಳಲ್ಲಿ ಕಾಣುವಂಥದು. ಆತ್ಮನಿವೇದನೆಯಲ್ಲಿ ಅದರ ಸುಳಿವೂ ಇಲ್ಲ.

ಅಲ್ಲಿ ಕಾಣುವುದು ನಾಚಿಕೆ. ಓದುವ ವಯಸ್ಸಿನಲ್ಲಿ ಸೆರೆಯಾದುದರಿಂದ ತನ್ನ ಲ್ಯಾಟಿನ್ ಒರಟಾಯಿತು, ಪರಭಾಷೆಯಲ್ಲಿ ಬಾಳಬೇಕಾಯಿತು, ಪಂಡಿತರಿಗಂಜಿ ಬರೆಯಲು ಹಿಂಜರಿದೆ ಎಂದು ಅವನು ಒಪ್ಪಿಕೊಳ್ಳುತ್ತಾನೆ. ಕೆಸರಿನಲ್ಲಿ ಹೂತ ಕಲ್ಲಿಗೆ ತನ್ನನ್ನು ಹೋಲಿಸಿಕೊಳ್ಳುತ್ತಾನೆ. ಬಾಲ್ಯದ ಒಂದು ತಪ್ಪನ್ನು ಗೆಳೆಯನಿಗೆ ಹೇಳಿದ್ದು ಮೂವತ್ತು ವರ್ಷಗಳ ಮೇಲೆ ಹಿರಿಯರ ಆಪಾದನೆಯಾಗಿ ಎದುರಾದುದನ್ನೂ ಮರೆಮಾಚುವುದಿಲ್ಲ. ಭಾಷೆ ತಡವರಿಸುತ್ತದೆ, ವಾಕ್ಯಗಳು ಮುಗ್ಗರಿಸುತ್ತವೆ. ಆದರೆ ಆ ತಡವರಿಕೆಯೇ ಅದರ ಪ್ರಾಮಾಣ್ಯ. 807ರ ಸುಮಾರಿನಲ್ಲಿ ಬರೆದ ಆರ್ಮಾ ಗ್ರಂಥದ ಪ್ರತಿಯಲ್ಲಿ ಆತ್ಮನಿವೇದನೆಯ ಹಲವು ಭಾಗಗಳು ಬಿಟ್ಟುಹೋಗಿವೆ. ಸಂತನ ಘನತೆಗೆ ಕುಂದೆಂದು ಕೆಲವನ್ನು ಕೈಬಿಟ್ಟಿರಬೇಕೆಂಬುದು ವಿದ್ವಾಂಸರ ಊಹೆ. ಭಕ್ತಿ ಹೀಗೂ ತನ್ನ ದೇವರನ್ನು ಬಡವಾಗಿಸಬಲ್ಲುದು.

ಈ ನಾಚಿಕೆ ದೌರ್ಬಲ್ಯವಲ್ಲವೆಂಬುದಕ್ಕೆ ಅವನ ಇನ್ನೊಂದು ಬರಹವೇ ಸಾಕ್ಷಿ. ಕೊರೊಟಿಕಸ್ ಎಂಬ ಪಾಳೆಯಗಾರನ ಸೈನಿಕರು, ಆಗತಾನೆ ದೀಕ್ಷೆ ಪಡೆದವರಲ್ಲಿ ಕೆಲವರನ್ನು ಕೊಂದು ಉಳಿದವರನ್ನು ಸೆರೆಯೊಯ್ದಾಗ, ಪ್ಯಾಟ್ರಿಕನು ಆ ಸೈನಿಕರಿಗೆ ಬರೆದ ಪತ್ರದಲ್ಲಿ ಅಳುಕಿಲ್ಲ. ಗುಲಾಮತನದ ಬೇಗೆಯುಂಡವನು ಮಾತ್ರ ಹಾಗೆ ಬರೆಯಬಲ್ಲ.

ಮುಯಿರ್ಖೂವನ್ನು ನಾವು ಕಥೆಗಾಗಿ ಓದೋಣ. ಆದರೆ ಮಕ್ಕಳ ಮುಂದೆ ಈ ಬಾಳನ್ನು ಇಡುವಾಗ ಹಾವುಗಳಿಂದ ಆರಂಭಿಸದೆ, ಕೆಸರಿನ ಕಲ್ಲಿನಿಂದ ಆರಂಭಿಸುವುದು ಲೇಸು.