ತಿರುಗುವ ಕೃತಕ ಮಂಡಿ: ವಾದದಲ್ಲೊಂದು ಬಿರುಕು

ಕೃತಕ ಮಂಡಿಯಲ್ಲಿ ತೊಡೆಮೂಳೆಯ ತುದಿಗೆ ಲೋಹದ ಕವಚ, ಕಾಲಿನ ಕೆಳಮೂಳೆಯ ತಲೆಗೆ ಲೋಹದ ತಟ್ಟೆ, ನಡುವೆ ಪಾಲಿಎಥಿಲೀನಿನ ಬಿಲ್ಲೆ ಇರುತ್ತವೆ. ಈ ಬಿಲ್ಲೆಯೇ ಬೇರಿಂಗ್. ಅದು ತಟ್ಟೆಗೆ ಕಚ್ಚಿಕೊಂಡಿದ್ದರೆ ಸ್ಥಿರ ಬೇರಿಂಗ್. ತಟ್ಟೆಯ ಮೇಲೆ ತಿರುಗುವಂತೆ ಅಥವಾ ಜಾರುವಂತಿದ್ದರೆ ಚಲ ಬೇರಿಂಗ್. ಚಲ ಬೇರಿಂಗೇ ಹೆಚ್ಚು ಬಾಳುತ್ತದೆಂದು ನಂಬಿ ಮಂಡಿ ಆರಿಸಿಕೊಳ್ಳುವವರಿದ್ದಾರೆ. ನಂಬಿಕೆಯ ಹಿಂದಿನ ಭೌತವಿಜ್ಞಾನವನ್ನು ಪರಿಶೀಲಿಸೋಣ.

ಆಕ್ಸ್‌ಫರ್ಡಿನ ಶಸ್ತ್ರಚಿಕಿತ್ಸಕ ಜಾನ್ ಗುಡ್‌ಫೆಲೋ ಮತ್ತು ಎಂಜಿನಿಯರ್ ಜಾನ್ ಓಕಾನರ್ 1978ರಲ್ಲಿ ಪ್ರಕಟಿಸಿದ ಪ್ರಬಂಧ ಈ ವಾದದ ಮೂಲಗಳಲ್ಲೊಂದು. 60 ಕಿಲೋಗ್ರಾಂ ತೂಗುವವರು ನಡೆಯುವಾಗ ಮಂಡಿಯ ಮೇಲೆ ದೇಹತೂಕದ ಎರಡೂವರೆ ಪಟ್ಟು, ಅಂದರೆ ಸುಮಾರು 1500 ನ್ಯೂಟನ್ ಬಲ ಬೀಳುತ್ತದೆನ್ನೋಣ. ಬಿಲ್ಲೆ ಚಪ್ಪಟೆಯಾಗಿದ್ದು ಸ್ಪರ್ಶಕ್ಷೇತ್ರ 100 ಚದರ ಮಿಲಿಮೀಟರ್ ಆದರೆ ಒತ್ತಡ 15 ಮೆಗಾಪಾಸ್ಕಲ್. ಬಟ್ಟಲಿನಂತೆ ಕೊರೆದು ಕ್ಷೇತ್ರವನ್ನು 500ಕ್ಕೆ ಏರಿಸಿದರೆ ಒತ್ತಡ 3ಕ್ಕಿಳಿಯುತ್ತದೆ. ಆದರೆ ಬಟ್ಟಲು ಆಳವಾದಷ್ಟೂ ಮಂಡಿ ಹೊರಳುವ ಸ್ವಾತಂತ್ರ್ಯ ಕುಗ್ಗಿ, ತಿರುಚುಬಲ ಮೂಳೆಯ ಬೆಸುಗೆಗೆ ದಾಟುತ್ತದೆ. ಮೇಲ್ಮುಖ ಬಟ್ಟಲು, ಕೆಳಮುಖ ಚಪ್ಪಟೆಯಾಗಿರುವ ಚಲ ಬಿಲ್ಲೆಯಲ್ಲಿ ಎರಡೂ ಸಾಧ್ಯ. ಜಾಣ ಪರಿಹಾರ, ಸಂದೇಹವಿಲ್ಲ.

ಆದರೆ ಒತ್ತಡ ಇಳಿದರೆ ಸವೆತವೂ ಇಳಿಯುತ್ತದೆಯೆ? ಇಲ್ಲೇ ವಾದ ಎಡವುವುದು. ಆರ್ಚರ್ಡ್ 1953ರಲ್ಲಿ ಕೊಟ್ಟ ನಿಯಮದಂತೆ ಸವೆದ ಗಾತ್ರವು ಹೊರೆ, ಜಾರಿದ ದೂರ ಮತ್ತು ವಸ್ತುವಿನ ಗಡಸುತನವನ್ನು ಅವಲಂಬಿಸುತ್ತದೆ. ಸ್ಪರ್ಶಕ್ಷೇತ್ರ ಆ ಸೂತ್ರದಲ್ಲೇ ಇಲ್ಲ. (ಪಾಲಿಎಥಿಲೀನಿಗೆ ಇದು ಸ್ಥೂಲ ನಿಯಮ ಮಾತ್ರ.) ಕಡಿಮೆ ಒತ್ತಡದಿಂದ ಬಿಲ್ಲೆ ಬಿರುಕುಬಿಟ್ಟು ಹಕ್ಕಳೆಯೇಳುವುದು ತಪ್ಪುತ್ತದೆ, ನಿಜ. ಆದರೆ ಉಜ್ಜಿ ಉದುರುವ ಸೂಕ್ಷ್ಮ ಪುಡಿಯ ಕಥೆ ಬೇರೆ. ಆ ಪುಡಿಗೆ ದೇಹ ತೋರುವ ಪ್ರತಿಕ್ರಿಯೆಯಿಂದಲೇ ಮೂಳೆ ಕರಗಿ ಮಂಡಿ ಸಡಿಲಾಗುವುದು. ಚಲ ಬೇರಿಂಗಿನಲ್ಲಂತೂ ಉಜ್ಜುವ ಮುಖಗಳು ಎರಡು! ಅದರ ಪರವಾಗಿಯೂ ಒಂದು ಮಾತಿದೆ: ಅಡ್ಡಡ್ಡ ದಿಕ್ಕುಗಳಲ್ಲಿ ಉಜ್ಜಿದಾಗ ಪಾಲಿಎಥಿಲೀನ್ ಹೆಚ್ಚು ಸವೆಯುತ್ತದೆ, ಚಲ ಬಿಲ್ಲೆ ಚಲನೆಯನ್ನು ಎರಡು ಮುಖಗಳಿಗೆ ಹಂಚಿ ಇದನ್ನು ತಗ್ಗಿಸುತ್ತದೆ. ಹೀಗೆ ಲೆಕ್ಕ ಎರಡೂ ಕಡೆಗೆ ಎಳೆಯುವಾಗ ಪ್ರಯೋಗವನ್ನೇ ಕೇಳಬೇಕು.

ಕೊರಿಯಾದಲ್ಲಿ ಒಂದೇ ವ್ಯಕ್ತಿಯ ಒಂದು ಮಂಡಿಗೆ ಸ್ಥಿರ, ಇನ್ನೊಂದಕ್ಕೆ ಚಲ ಬೇರಿಂಗ್ ಅಳವಡಿಸಿ ವರ್ಷಗಟ್ಟಲೆ ಗಮನಿಸಿದರು. ತೂಕವೂ ಒಂದೇ, ಹೆಜ್ಜೆಗಳೂ ಅಷ್ಟೇ. ಇದಕ್ಕಿಂತ ಚೊಕ್ಕ ಹೋಲಿಕೆ ಕಷ್ಟ. ಗಣನೀಯ ವ್ಯತ್ಯಾಸ ಕಾಣಲಿಲ್ಲ. 2015ರ ಕಾಕ್ರೇನ್ ವಿಮರ್ಶೆಯೂ ನೋವು, ಕಾರ್ಯಕ್ಷಮತೆಗಳಲ್ಲಿ ಗಮನಾರ್ಹ ಅಂತರ ಕಾಣಲಿಲ್ಲ.

ಹಳೆಯ ಸ್ಥಿರ ಬಿಲ್ಲೆಗಳ ಸೋಲನ್ನೆಲ್ಲ ಆಕಾರದ ತಲೆಗೆ ಕಟ್ಟುವುದೂ ಸರಿಯಲ್ಲ. ಆಗ ಬಿಲ್ಲೆಗಳನ್ನು ಗಾಳಿಯಲ್ಲೇ ಗಾಮಾ ಕಿರಣಗಳಿಂದ ಕ್ರಿಮಿಶುದ್ಧಿ ಮಾಡುತ್ತಿದ್ದರು. ಪಾಲಿಎಥಿಲೀನ್ ಉತ್ಕರ್ಷಣಗೊಂಡು ಪೆಡಸಾಗುತ್ತಿತ್ತು. 1990ರ ದಶಕದಲ್ಲಿ ಈ ಪದ್ಧತಿ ಬದಲಾಯಿತು. ಇತ್ತ ಚಲ ಬಿಲ್ಲೆಗೆ ತನ್ನದೇ ಅಪಾಯವೊಂದಿದೆ: ಅಸ್ಥಿರಜ್ಜುಗಳ ಬಿಗಿತ ಸಮವಾಗಿರದಿದ್ದರೆ ಅದು ಜಾಗ ಬಿಟ್ಟು ಜಾರಬಹುದು, ಆಗ ಮತ್ತೊಂದು ಶಸ್ತ್ರಚಿಕಿತ್ಸೆಯೇ ಬೇಕಾದೀತು.