ಬೆಳ್ಳಿಯ ದುಡಿ

ಒಂದೇ ಪುಸ್ತಕವನ್ನು ಬಹಳ ವರ್ಷಗಳ ಅಂತರದಲ್ಲಿ ಎರಡು ಸಲ ಓದುವುದರಲ್ಲಿ ಒಂದು ಲಾಭವುಂಟು. ಪುಸ್ತಕ ಬದಲಾಗಿರುವುದಿಲ್ಲ, ಆದ್ದರಿಂದ ನಾವು ಎಷ್ಟು ಬದಲಾಗಿದ್ದೇವೆಂಬುದು ತಿಳಿಯುತ್ತದೆ. ಶಿವರಾಮ ಕಾರಂತರ 'ಚೋಮನ ದುಡಿ'ಯನ್ನು ಕಾಲೇಜಿನ ದಿನಗಳಲ್ಲಿ ಓದಿದಾಗ ನನ್ನ ಕಣ್ಣೆಲ್ಲ ಚೋಮನ ಮೇಲೆಯೇ ಇತ್ತು. ಎತ್ತಿನ ಜೋಡಿಯಿದ್ದೂ ಉಳಲು ಒಂದು ತುಂಡು ನೆಲವಿಲ್ಲದ ಆ ಮನುಷ್ಯನ ಸಂಕಟಕ್ಕೆ ನಾನೂ ಕಣ್ಣೀರು ಹಾಕಿದ್ದೆ. ಈಚೆಗೆ ಮತ್ತೆ ಓದುವಾಗ ಚೋಮನಿಗಿಂತ ಅವನ ಮಗಳು ಬೆಳ್ಳಿಯೇ ಹೆಚ್ಚು ಕಾಡಿದಳು. ಅದಕ್ಕೆ ಕಾರಣ ಕಾದಂಬರಿಯೊಂದೇ ಅಲ್ಲ. ಓದಿಗೆ ಕೆಲವು ದಿನ ಮುಂಚೆ ಮಂಡ್ಯದ ಕಡೆಯ ಹಳ್ಳಿಯೊಂದರಲ್ಲಿ ನನ್ನ ಕಿವಿಗೆ ಬಿದ್ದ ಒಂದು ಮಾತು.

ಬಂಧುಗಳೊಬ್ಬರ ಮನೆಗೆಂದು ಹೋಗಿದ್ದೆ. ಅವರ ನೆರೆಮನೆಯ ಹೆಂಗಸು ಸ್ತ್ರೀಶಕ್ತಿ ಸಂಘದ ಸದಸ್ಯೆ. ಎರಡು ಸೀಮೆಹಸು ಕಟ್ಟಿದ್ದಾರೆ, ಡೇರಿಗೆ ಹಾಲು ಹಾಕುತ್ತಾರೆ, ಪಾಸ್‌ಬುಕ್ಕಿನಲ್ಲಿ ಅವರದೇ ಹೆಸರು. ಪೇಟೆಯವನ ಉತ್ಸಾಹದಿಂದ ನಾನು, "ಈಗ ನಿಮ್ಮ ಕೈಯಲ್ಲೇ ದುಡ್ಡು ಓಡಾಡುತ್ತದೆ, ಮೊದಲಿಗಿಂತ ವಾಸಿಯಲ್ಲವೇನಮ್ಮ?" ಎಂದೆ. ಹಾಲಿನ ಕ್ಯಾನು ತೊಳೆಯುತ್ತಿದ್ದ ಆಕೆ ತಲೆಯೆತ್ತದೆಯೇ, "ದುಡ್ಡೇನೋ ಬತ್ತದೆ ಕಣಣ್ಣ, ಹೊತ್ತು ಎಲ್ಲಿಂದ ಬಂದಾದು?" ಎಂದರು. ಹುಲ್ಲು ತರುವುದು, ಸಗಣಿ ಬಾಚುವುದು, ಹಾಲು ಕರೆಯುವುದು ಹೊಸದಾಗಿ ಸೇರಿದ ಕೆಲಸಗಳು. ನೀರು, ಒಲೆ, ಮುಸುರೆ, ಮಕ್ಕಳು ಮೊದಲಿನ ಕೆಲಸಗಳು. ಹೊಸದು ಸೇರಿತೇ ಹೊರತು ಹಳೆಯದು ಇಳಿಯಲಿಲ್ಲ. ಆಕೆಯ ಮಾತಿನ ತಾತ್ಪರ್ಯ ಇಷ್ಟೇ.

ಈ ಮಾತನ್ನು ಕಿವಿಯಲ್ಲಿಟ್ಟುಕೊಂಡು ಓದಿದರೆ 'ಚೋಮನ ದುಡಿ' ಬೇರೆಯೇ ಕಾದಂಬರಿಯಾಗುತ್ತದೆ. ಹೆಸರನ್ನೇ ನೋಡಿ. ಕನ್ನಡದಲ್ಲಿ 'ದುಡಿ' ಎಂಬುದಕ್ಕೆ ಎರಡರ್ಥ: ಒಂದು ವಾದ್ಯ, ಇನ್ನೊಂದು ಕ್ರಿಯಾಪದ. ವಾದ್ಯ ಚೋಮನ ಪಾಲಿಗೆ ಬಂತು; ಕ್ರಿಯಾಪದ ಬೆಳ್ಳಿಯ ಪಾಲಿಗೆ. ತಾಯಿಯಿಲ್ಲದ ಆ ಗುಡಿಸಲಿನಲ್ಲಿ ಒಲೆ ಹೊತ್ತಿಸುವವಳು ಅವಳು, ಗಂಜಿ ಬೇಯಿಸುವವಳು ಅವಳು, ತಮ್ಮಂದಿರನ್ನು ಸಾಕುವವಳೂ ಅವಳೇ. ಚೋಮ ಹೆಂಡ ಕುಡಿದು ಬಂದು ಸಿಟ್ಟನ್ನೋ ದುಃಖವನ್ನೋ ದುಡಿಯ ಮೇಲೆ ಬಾರಿಸಬಲ್ಲ. ಬಾರಿಸಲು ಬೆಳ್ಳಿಗೇನಿದೆ? ಸಾಲ ತೀರಿಸಲೆಂದು ಗಟ್ಟದ ತೋಟಕ್ಕೆ ಹೋದ ಅಣ್ಣಂದಿರಲ್ಲಿ ಗುರುವ ಕ್ರಿಸ್ತರ ಹುಡುಗಿಯನ್ನು ಮದುವೆಯಾಗಿ ಅಲ್ಲಿಯೇ ಉಳಿದ. ಚನಿಯ ಜ್ವರದಲ್ಲಿ ತೀರಿಕೊಂಡ. ಕೊನೆಗೆ ಹೋದವಳು ಬೆಳ್ಳಿ. ಗಂಡುಮಕ್ಕಳಿಂದ ತೀರದ ಸಾಲದ ಲೆಕ್ಕ ಅವಳಿಂದ ಹರಿಯಿತು. ತೋಟದ ರೈಟರ್ ಮನ್ವೇಲ ಅವಳಿಂದ ಯಾವ ರೂಪದಲ್ಲಿ ವಸೂಲಿ ಮಾಡಿಕೊಂಡನೆಂಬುದನ್ನು ಓದುಗರು ಬಲ್ಲರು. ಮನೆಯ ಋಣ ತೀರಿಸಿದವಳು ಅವಳಾದರೂ ಅವಳನ್ನು ಆ ಮನೆಯ ದುಡಿಯುವ ಕೈಯೆಂದು ಯಾರೂ ಕರೆಯಲಿಲ್ಲ. ಚೋಮ ಕರೆಯಲಿಲ್ಲ, ಊರು ಕರೆಯಲಿಲ್ಲ, 1933ರಿಂದ ಈಚೆಗೆ ಕಾದಂಬರಿಯನ್ನು ಓದಿ ಮೆಚ್ಚಿದ ನಮ್ಮಲ್ಲಿಯೂ ಎಷ್ಟೋ ಮಂದಿ ಕರೆಯಲಿಲ್ಲ.

ತಪ್ಪು ಕಾರಂತರದೆಂದು ನಾನು ಹೇಳುತ್ತಿಲ್ಲ. ಬೆಳ್ಳಿಯನ್ನು ನಮಗೆ ಕಾಣಿಸಿದವರು ಅವರೇ. ಕಾದಂಬರಿಯ ತುಂಬ ಅವಳ ಕೈ ಸುಮ್ಮನಿರುವ ಗಳಿಗೆಗಳು ಬಹಳ ಕಡಿಮೆ. ಕಂಡದ್ದನ್ನು ಅವರು ಬರೆದರು. ಬರೆದದ್ದನ್ನು ನಾವು ಕಾಣಲಿಲ್ಲ.

ನಲವತ್ತರ ದಶಕದ ಆರಂಭದಲ್ಲಿ ಬಂದ 'ಮರಳಿ ಮಣ್ಣಿಗೆ'ಯಲ್ಲಿ ಕಾರಂತರು ಇನ್ನೂ ಮುಂದೆ ಹೋಗುತ್ತಾರೆ. ಕಡಲ ಕರೆಯ ರಾಮ ಐತಾಳರ ಮನೆತನ ಪುರೋಹಿತರದು. ಚೋಮನಿಗೂ ಅವರಿಗೂ ನಡುವೆ ಆಕಾಶ ಭೂಮಿಯ ಅಂತರ. ಆದರೆ ಮನೆಯೊಳಗೆ ಹೊಕ್ಕು ನೋಡಿದರೆ ಅಲ್ಲಿಯೂ ಮೈಮುರಿಯುವುದು ಹೆಂಗಸರೇ. ಹೆಂಡತಿ ಪಾರೋತಿ ಮತ್ತು ವಿಧವೆಯಾದ ತಂಗಿ ಸರಸೋತಿ ಸೇರಿ ಅಡಿಗೆಮನೆಯನ್ನೂ ಹಟ್ಟಿಯನ್ನೂ ಗದ್ದೆಯನ್ನೂ ಒಂದೇ ದಿನದೊಳಗೆ ಹೊಲಿಯುತ್ತಾರೆ. ಇಷ್ಟು ದುಡಿದದ್ದಕ್ಕೆ ಪಾರೋತಿಗೆ ದಕ್ಕಿದ್ದೇನು? ಮಕ್ಕಳಾಗಲಿಲ್ಲವೆಂಬ ಕಾರಣಕ್ಕೆ ಐತಾಳರು ಸತ್ಯಭಾಮೆಯನ್ನು ಮದುವೆಯಾದರು. ಮನೆಯನ್ನು ಬೆನ್ನ ಮೇಲೆ ಹೊತ್ತವಳಿಗೆ ಆ ಮನೆಯಲ್ಲಿ ತನ್ನ ಸ್ಥಾನವನ್ನು ಉಳಿಸಿಕೊಳ್ಳುವಷ್ಟು ಹಕ್ಕೂ ಹುಟ್ಟಲಿಲ್ಲ. ದುಡಿಮೆಯಿಂದಲೇ ಅಧಿಕಾರ ತಾನಾಗಿ ಬರುತ್ತದೆಂದು ನಂಬುವವರು ಈ ಕಾದಂಬರಿಯನ್ನು ಒಮ್ಮೆ ಓದಬೇಕು. ಲೆಕ್ಕಕ್ಕೆ ಬಾರದ ದುಡಿಮೆ ಹೆಚ್ಚಿದಷ್ಟೂ ಬೆನ್ನು ಬಾಗುತ್ತದೆ, ಅಷ್ಟೆ.

ಇಲ್ಲಿಂದ ಮುಂದೆ ನಮ್ಮ ಕಥಾಸಾಹಿತ್ಯವನ್ನು ನೋಡುತ್ತ ಬಂದಾಗ ನನಗೊಂದು ವಿಚಿತ್ರ ಕಂಡಿತು. ನನ್ನ ನೆನಪಿನಲ್ಲಿ ಉಳಿದಿರುವ, ಸ್ವಂತ ಬಲದಿಂದ ನಿಂತ ಹಳ್ಳಿಯ ಹೆಣ್ಣುಗಳ ಪಕ್ಕದಲ್ಲಿ ಸಾಮಾನ್ಯವಾಗಿ ಗಂಡ ಇರುವುದಿಲ್ಲ. ಸರಸೋತಿ ವಿಧವೆ. ಎಂ. ಕೆ. ಇಂದಿರಾ ಅವರ 'ಫಣಿಯಮ್ಮ' (1976) ಬಾಲವಿಧವೆ. ಸಂಸಾರದಿಂದ ಹೊರಗೆ ನಿಂತದ್ದರಿಂದಲೇ ಮನೆಮನೆಗೆ ಬೇಕಾದವಳಾಗುತ್ತಾಳೆ, ಜಾತಿಯ ಗೋಡೆಯನ್ನೂ ದಾಟಿ ಹೆರಿಗೆ ಮಾಡಿಸುತ್ತಾಳೆ. ದೇವನೂರ ಮಹಾದೇವರ 'ಒಡಲಾಳ'ದ ಸಾಕವ್ವ ಮಕ್ಕಳು ಮೊಮ್ಮಕ್ಕಳ ನಡುವಿನ ಮುದುಕಿ. ಕಳೆದುಹೋದ ತನ್ನ ಹುಂಜಕ್ಕಾಗಿ ಅವಳು ಊರೆಲ್ಲ ಹುಡುಕಾಡುವುದನ್ನು ಓದಿದವರು ಮರೆಯಲಾರರು. ಹಳ್ಳಿಯ ಬಡಮನೆಗಳಲ್ಲಿ ಕೋಳಿ ಸಾಮಾನ್ಯವಾಗಿ ಹೆಂಗಸಿನ ಸ್ವಂತ ಆಸ್ತಿ. ಅವಳ ಬ್ಯಾಂಕು ಎಂದರೂ ಸರಿಯೇ. ಆ ಹುಂಜಕ್ಕಾಗಿ ಸಾಕವ್ವ ಪಡುವ ಪಾಡನ್ನು ಲೇಖಕರು ಹಾಸ್ಯವನ್ನಾಗಿಯೂ ಮಾಡಲಿಲ್ಲ, ಕರುಣೆಯ ಪ್ರದರ್ಶನವನ್ನಾಗಿಯೂ ಮಾಡಲಿಲ್ಲ. ಒಂದು ಸಂಸಾರದ ಅರ್ಥವ್ಯವಸ್ಥೆಯೇ ಅಲ್ಲಿ ರೆಕ್ಕೆ ಬಡಿಯುತ್ತದೆ.

ಇವೆಲ್ಲ ನಮ್ಮ ಭಾಷೆಯ ಶ್ರೇಷ್ಠ ಕೃತಿಗಳೇ. ಆದರೂ ಒಂದು ಪ್ರಶ್ನೆ ಉಳಿಯುತ್ತದೆ. ಹೆಣ್ಣು ಸ್ವತಂತ್ರಳಾಗಬೇಕಾದರೆ ಗಂಡ ಸಾಯಬೇಕು, ಓಡಿಹೋಗಬೇಕು, ಇಲ್ಲವೆ ಅವಳೇ ಮುದುಕಿಯಾಗಬೇಕು ಎಂಬುದು ಕಥೆಗಾರನಿಗೆ ಅನುಕೂಲವಾದ ಹಾದಿ. ಜಗಳವಾಡಬೇಕಾದ ಒಬ್ಬನನ್ನು ಮೊದಲೇ ಮನೆಯಿಂದ ಹೊರಗೆ ಕಳುಹಿಸಿದಂತಾಯಿತು. ಕಷ್ಟದ ಕಥೆ ಬೇರೆ: ಗಂಡನೂ ಇದ್ದಾನೆ, ಒಳ್ಳೆಯವನೂ ಹೌದು, ಹೆಂಡತಿ ಸಂಪಾದಿಸುತ್ತಾಳೆ; ಈಗ ಸಂಜೆ ಒಲೆ ಹಚ್ಚುವವರು ಯಾರು? ಈ ಸಣ್ಣ ಪ್ರಶ್ನೆಯ ಮುಂದೆ ಕೂತು ಬರೆದ ಗ್ರಾಮಜೀವನದ ಕಾದಂಬರಿ ನನ್ನ ಓದಿನ ಮಟ್ಟಿಗೆ ದೊರೆತಿಲ್ಲ.

ವಿಮರ್ಶಕರಾದ ನಾವೂ ಈ ವಿಷಯದಲ್ಲಿ ನಿರಪರಾಧಿಗಳಲ್ಲ. ಹಲಸಂಗಿ ಗೆಳೆಯರು 1931ರಲ್ಲಿ 'ಗರತಿಯ ಹಾಡು' ಪ್ರಕಟಿಸಿ ಕನ್ನಡಕ್ಕೆ ಮಹದುಪಕಾರ ಮಾಡಿದರು. ಆ ತ್ರಿಪದಿಗಳ ಸೊಗಸನ್ನು ಹೊಗಳದ ವಿದ್ವಾಂಸರಿಲ್ಲ. ನಾನೂ ಸಭೆಗಳಲ್ಲಿ ಹೊಗಳಿದ್ದೇನೆ. ಹಿಟ್ಟಿನ ಗಿರಣಿ ಬಂದು ಬೀಸುವ ಪದ ಹೋಯಿತೆಂದು ವ್ಯಥೆಪಟ್ಟಿದ್ದೇನೆ. ಒಮ್ಮೆ ಹಾಗೆ ಮಾತಾಡಿ ಇಳಿದು ಬಂದಾಗ ಮುಂದಿನ ಸಾಲಿನಲ್ಲಿದ್ದ ವಯಸ್ಸಾದ ತಾಯಿಯೊಬ್ಬರು, "ಪದ ಹೋದುದಕ್ಕೆ ಬೇಸರವೇನೋ ಸರಿ, ಬೀಸುವುದು ಹೋದುದಕ್ಕೆ ನನಗೆ ಬೇಸರವಿಲ್ಲಪ್ಪ" ಎಂದು ನಕ್ಕರು. ಬೆಳಗಿನ ಜಾವ ಎದ್ದು ಕಲ್ಲು ತಿರುಗಿಸಿದವರಿಗೆ ತಿಳಿದದ್ದು ಕೇಳಿ ತಲೆದೂಗಿದವರಿಗೆ ತಿಳಿಯಲಿಲ್ಲ. ಹಾಡನ್ನು ಸಂಪಾದಿಸಿಕೊಂಡೆವು, ಕಲ್ಲಿನ ಭಾರವನ್ನು ಅಡಿಟಿಪ್ಪಣಿಗೆ ಬಿಟ್ಟೆವು.

"ಸಾಹಿತ್ಯವನ್ನು ಜಮಾಖರ್ಚಿನ ಪುಸ್ತಕ ಮಾಡುತ್ತೀರಾ?" ಎಂದು ಕೆಲವರು ಕೇಳಬಹುದು. ನ್ಯಾಯವಾದ ಆಕ್ಷೇಪ. ಸರ್ಕಾರಿ ಯೋಜನೆಗಳ ಜಾಹೀರಾತಿನಂಥ ಕಾದಂಬರಿ ನನಗೂ ಬೇಡ. ಆದರೆ ಜಮಾಖರ್ಚಿನ ಪುಸ್ತಕ ಹೇಳುವುದೆಷ್ಟು, ಹೇಳದಿರುವುದೆಷ್ಟು ಎಂಬುದನ್ನೂ ನೋಡೋಣ. 2005ರ ಉದ್ಯೋಗ ಖಾತರಿ ಕಾಯಿದೆ ಹೆಣ್ಣಾಳಿಗೂ ಗಂಡಾಳಿಗೂ ಒಂದೇ ಕೂಲಿಯೆಂದಿತು. 2023ರಲ್ಲಿ ಕರ್ನಾಟಕದಲ್ಲಿ ಹೆಂಗಸರಿಗೆ ಸರ್ಕಾರಿ ಬಸ್ಸಿನ ಪ್ರಯಾಣ ಉಚಿತವಾಯಿತು. ಅದೇ ವರ್ಷ ಗೃಹಲಕ್ಷ್ಮಿ ಯೋಜನೆ ಮನೆಯ ಯಜಮಾನಿಯ ಖಾತೆಗೆ ತಿಂಗಳಿಗೆ 2000 ರೂಪಾಯಿ ಹಾಕುವುದಾಗಿ ಹೊರಟಿತು. ಗಂಡನನ್ನು 'ನಮ್ಮ ಯಜಮಾನರು' ಎಂದು ಕರೆಯುವ ನಾಡಿನಲ್ಲಿ ಸರ್ಕಾರಿ ಕಾಗದವೊಂದು ಹೆಂಡತಿಯನ್ನು 'ಯಜಮಾನಿ' ಎಂದು ಕರೆದದ್ದು ಸಣ್ಣ ಮಾತಲ್ಲ. ಭಾಷೆ ಒಂದು ಹೆಜ್ಜೆ ಮುಂದಿಟ್ಟಿತು.

ಅಡಿಗೆಮನೆ ಇಟ್ಟಿತೇ? ದೇಶದ ಜನ ಹೊತ್ತನ್ನು ಹೇಗೆ ಕಳೆಯುತ್ತಾರೆಂದು ಕೇಂದ್ರ ಸರ್ಕಾರ ನಡೆಸಿದ ಸಮೀಕ್ಷೆಯಿದೆ. ಕೂಲಿಯಿಲ್ಲದ ಮನೆಗೆಲಸಕ್ಕೆ ಕೈಹಾಕುವವರನ್ನಷ್ಟೇ ಲೆಕ್ಕಕ್ಕೆ ಹಿಡಿದರೆ, 2019ರಲ್ಲಿ ಹೆಂಗಸರು ದಿನಕ್ಕೆ 299 ನಿಮಿಷ, ಗಂಡಸರು 97 ನಿಮಿಷ ಆ ಕೆಲಸದಲ್ಲಿ ಕಳೆದರು. ಹಾಗೆ ಕೈಹಾಕುವ ಗಂಡಸರೇ ಸುಮಾರು ನಾಲ್ವರಲ್ಲಿ ಒಬ್ಬರು. 2024ರಲ್ಲಿ ಮತ್ತೆ ಎಣಿಸಿದಾಗ ಹೆಂಗಸರದು 289ಕ್ಕೆ, ಗಂಡಸರದು 88ಕ್ಕೆ ಇಳಿದಿತ್ತು. ಹೆಂಗಸರಿಗೆ ಹತ್ತು ನಿಮಿಷ ಉಳಿದರೆ ಗಂಡಸರಿಗೂ ಒಂಬತ್ತು ನಿಮಿಷ ಉಳಿಯಿತು! ಹಾಲಿನ ಕ್ಯಾನು ತೊಳೆಯುತ್ತಿದ್ದ ಆಕೆ ಈ ವರದಿಗಳನ್ನು ಓದಿರಲಾರರು; ವರದಿಯ ಸಾರವನ್ನು ಮಾತ್ರ ಒಂದೇ ವಾಕ್ಯದಲ್ಲಿ ಹೇಳಿಬಿಟ್ಟಿದ್ದರು.

ಅಂಕಿ ಇಲ್ಲಿಗೆ ನಿಲ್ಲುತ್ತದೆ. ಆ ನಿಮಿಷಗಳು ಏಕೆ ಕೈಬದಲಾಗುವುದಿಲ್ಲ ಎಂಬುದನ್ನು ಅದು ಹೇಳಲಾರದು. ಅದು ಕಥೆಗಾರನ ಕೆಲಸ. ಅದೇ ಹಳ್ಳಿಯಲ್ಲಿ ಅದೇ ಸಂಜೆ ನಾನು ಕಂಡ ಇನ್ನೊಂದು ದೃಶ್ಯವನ್ನು ಹೇಳುತ್ತೇನೆ. ಬೇರೊಂದು ಮನೆಯ ಹೆಂಗಸು ಸಂಘದ ಸಭೆಗೆ ಹೋಗಿದ್ದರು. ಒಳಗೆ ಆಕೆಯ ಗಂಡ ಕಾಲಲ್ಲಿ ಕವೆಗೋಲು ಒತ್ತಿಹಿಡಿದು ಮುದ್ದೆ ತೊಳಸುತ್ತಿದ್ದ; ಕೈಯ ವರಸೆ ನೋಡಿದರೆ ಮೊದಲ ದಿನದ ಕೆಲಸವಲ್ಲವೆಂದು ತಿಳಿಯುತ್ತಿತ್ತು. ನಮ್ಮ ಹೆಜ್ಜೆ ಸಪ್ಪಳ ಕೇಳಿದ್ದೇ ಕೋಲು ಬಿಟ್ಟು, ಪಂಚೆಗೆ ಕೈ ಒರೆಸಿಕೊಂಡು ಹೊರಗೆ ಬಂದು, "ಏನಿಲ್ಲ, ಹಂಗೇ ಒಲೆ ನೋಡ್ತಿದ್ದೆ" ಎಂದ. ಮುದ್ದೆ ಗಂಟುಕಟ್ಟಿದರೂ ಚಿಂತೆಯಿಲ್ಲ, ನೆಂಟರ ಕಣ್ಣಿಗೆ ಬೀಳಬಾರದು. ಹೆಂಡತಿಯ ಮೇಲೆ ಅವನಿಗೆ ಪ್ರೀತಿಯಿದೆ, ಕೆಲಸವೂ ಬರುತ್ತದೆ. ಅಡ್ಡ ನಿಂತದ್ದು ಊರಿನ ನಗೆ. ಆ ಊರಿನೊಳಗೆ, ಹೊಸ್ತಿಲಲ್ಲಿ ನಿಂತಿದ್ದ ನಾನೂ ಒಬ್ಬ. ನಮ್ಮ ಮನೆಯ ಒಲೆ ಹಚ್ಚಲು ನನಗೆ ಬರುತ್ತದೆಯೇ ಎಂದು ಆ ಕ್ಷಣ ಯಾರಾದರೂ ಕೇಳಿದ್ದರೆ ನಾನೂ ಪಂಚೆಗೆ ಕೈ ಒರೆಸಿಕೊಳ್ಳಬೇಕಾಗುತ್ತಿತ್ತು.

ಆ ಮನುಷ್ಯ ಕೋಲು ಕೆಳಗಿಟ್ಟ ಆ ಗಳಿಗೆಯಲ್ಲಿ ಒಂದು ಕಾದಂಬರಿಯಿದೆ. ಅದರಲ್ಲಿ ಹಾಸ್ಯವಿದೆ, ನಾಚಿಕೆಯಿದೆ, ದಾಂಪತ್ಯವಿದೆ, ಅತ್ತೆಯ ಗೊಣಗಾಟವಿದೆ, ಹಾಲಿನ ಬಟವಾಡೆಯೂ ಇದೆ. ಹೆಣ್ಣಿನ ಕೈಗೆ ಬಂದ ದುಡ್ಡು ಅವಳಿಗೆ ಬಲವಾಗುತ್ತದೋ ಇನ್ನೊಂದು ಹೊರೆಯಾಗುತ್ತದೋ ಎಂಬುದು ನಿರ್ಧಾರವಾಗುವುದು ಬ್ಯಾಂಕಿನಲ್ಲಲ್ಲ. ಆ ಕೋಲು ಅವನ ಕೈಯಲ್ಲಿಯೇ ಉಳಿಯುತ್ತದೋ ಇಲ್ಲವೋ ಎಂಬುದರಲ್ಲಿ.

ಇದು ಹೊರಗಿನಿಂದ ತರಬೇಕಾದ ಹೊಸ ಬೋಧೆಯೂ ಅಲ್ಲ. ಹನ್ನೆರಡನೆಯ ಶತಮಾನದ ಆಯ್ದಕ್ಕಿ ಮಾರಯ್ಯ ಮತ್ತು ಲಕ್ಕಮ್ಮನವರ ಕಥೆ ನಮಗೆಲ್ಲ ಗೊತ್ತು. ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನ ಕಾಯಕ. ಒಂದು ದಿನ ಅಗತ್ಯಕ್ಕಿಂತ ಹೆಚ್ಚು ತಂದಾಗ ಅದನ್ನು ಹಿಂದಿರುಗಿಸಿ ಬರುವಂತೆ ಹೇಳಿದವಳು ಲಕ್ಕಮ್ಮ. ಹೋಗಿ ಹಿಂದಿರುಗಿಸಿದವನು ಮಾರಯ್ಯ. ಮನೆಗೆ ಎಷ್ಟು ಬರಬೇಕೆಂಬ ಲೆಕ್ಕ ಹೆಂಡತಿಯದು. ಅದನ್ನು ಒಪ್ಪಿದ್ದರಿಂದ ಗಂಡನ ಗಂಡಸುತನಕ್ಕೆ ಕುಂದು ಬಂತೆಂದು ಯಾರೂ ನಗಲಿಲ್ಲ. ನಾಡು ಅವರನ್ನು ಶರಣರೆಂದು ನೆನೆಯಿತು. ನಿಜ, ಅಲ್ಲಿಯೂ ಆಯುವವನು ಅವನು, ಅಡುವವಳು ಅವಳು. ಅರ್ಧ ದಾರಿ ಅಂದೇ ನಡೆದಿತ್ತು. ಉಳಿದರ್ಧವನ್ನು ನಡೆಯಲು ನಮಗೆ ಎಂಟುನೂರು ವರ್ಷ ಸಾಲದಾಯಿತು.

ಹೊಸ ತಲೆಮಾರಿನ ಲೇಖಕರಲ್ಲಿ, ಅದರಲ್ಲೂ ಹಳ್ಳಿಯಿಂದ ಬಂದು ಬರೆಯುತ್ತಿರುವ ಹೆಣ್ಣುಮಕ್ಕಳಲ್ಲಿ, ನನ್ನದೊಂದು ಕೋರಿಕೆ. ಗಂಡನನ್ನು ಕಥೆಯಿಂದ ಹೊರಗೆ ಕಳುಹಿಸಬೇಡಿ. ಒಳಗೇ ಕೂರಿಸಿ, ಕೈಗೆ ಕೋಲು ಕೊಡಿ, ನೆಂಟರನ್ನು ಬಾಗಿಲಿಗೆ ತನ್ನಿ. ಆಮೇಲೆ ಏನಾಗುತ್ತದೆಂಬುದನ್ನು ನೋಡೋಣ. ಬೆಳ್ಳಿಗೆ ನಾವು ಬಾಕಿ ಉಳಿಸಿಕೊಂಡಿರುವ ಸಾಲ ದೊಡ್ಡದು. ಆ ಕಥೆಯಿಂದ ಅದರ ಬಡ್ಡಿಯಾದರೂ ತೀರೀತು.