ಕಂಚಿನಲ್ಲಿ ಕೊರೆದ ನೆರೆಹೊರೆ

ನ್ಯೂಯಾರ್ಕಿನ 9/11 ಸ್ಮಾರಕಕ್ಕೆ ಹೋದವರು ಮೊದಲು ಹೆಸರುಗಳ ಮೇಲೆ ಕೈಯಾಡಿಸಬೇಕು. ಕೊಳದ ಸುತ್ತಲಿನ ಕಟ್ಟೆಗೆ ಕಂಚಿನ ಫಲಕ ಹೊದಿಸಿದ್ದಾರೆ. ಅಕ್ಷರಗಳನ್ನು ಅದರಲ್ಲಿ ಆರಪಾರ ಕೊರೆದಿರುವುದರಿಂದ ಬೆರಳು ಲೋಹದ ಅಂಚಿನಿಂದ ಜಾರಿ ಬರಿದಾದ ಜಾಗಕ್ಕೆ ಇಳಿಯುತ್ತದೆ. ಕತ್ತಲಾದ ಮೇಲೆ ಒಳಗಿನ ದೀಪದಿಂದ ಬೆಳಗುವುದೂ ಆ ಬರಿದೇ. ಬೇಸಿಗೆಯಲ್ಲಿ ಕಂಚು ಕೈಸುಡದಂತೆ, ಹಿಮದ ದಿನಗಳಲ್ಲಿ ಕೊರೆಯದಂತೆ ಫಲಕದೊಳಗೆ ಏರ್ಪಾಟು ಮಾಡಿದ್ದಾರೆ. ಮುಟ್ಟಲೆಂದೇ ಜನ ಬರುತ್ತಾರೆಂದು ಕಟ್ಟಿದವರಿಗೆ ಗೊತ್ತಿತ್ತು. ತೀರಿಕೊಂಡವರ ಹುಟ್ಟುಹಬ್ಬದ ದಿನ ಅವರ ಹೆಸರಿಗೆ ಒಂದು ಬಿಳಿ ಗುಲಾಬಿ ಸಿಕ್ಕಿಸುತ್ತಾರೆ.

ಜೋಡಿ ಗೋಪುರಗಳು ನಿಂತಿದ್ದ ನೆಲದಲ್ಲೇ ಈ ಎರಡು ಚೌಕ ಕೊಳಗಳಿವೆ. ಒಂದೊಂದೂ ಹೆಚ್ಚುಕಡಿಮೆ ಒಂದು ಎಕರೆ. ನಾಲ್ಕೂ ಬದಿಯಿಂದ ನೀರು 30 ಅಡಿ ಕೆಳಗೆ ಧುಮುಕಿ, ಹರಡಿಕೊಂಡು, ನಡುವಿನ ಇನ್ನೊಂದು ಕಪ್ಪು ಗುಂಡಿಗೆ ಇಳಿಯುತ್ತದೆ. ಕಟ್ಟೆಯ ಬಳಿ ಎಲ್ಲಿ ನಿಂತರೂ ಅದರ ತಳ ಕಾಣುವುದಿಲ್ಲ. 63 ದೇಶಗಳಿಂದ ಬಂದ 5,201 ವಿನ್ಯಾಸಗಳಲ್ಲಿ 2004ರಲ್ಲಿ ಆಯ್ಕೆಯಾದದ್ದು ಇದು. ರೂಪಿಸಿದವರು ಆಗಿನ್ನೂ ಹೆಸರು ಮಾಡಿರದ ಯುವ ವಾಸ್ತುಶಿಲ್ಪಿ ಮೈಕೆಲ್ ಅರಾದ್, ಜೊತೆಗೆ ಭೂವಿನ್ಯಾಸಕಾರ ಪೀಟರ್ ವಾಕರ್.

ಹೆಸರುಗಳು 2,983. 2001ರ ಸೆಪ್ಟೆಂಬರ್ 11ರಂದು ನ್ಯೂಯಾರ್ಕ್, ಪೆಂಟಗನ್ ಮತ್ತು ಪೆನ್ಸಿಲ್ವೇನಿಯಾದಲ್ಲಿ ಸತ್ತ 2,977 ಜನ. 1993ರ ಫೆಬ್ರವರಿಯಲ್ಲಿ ಇದೇ ವರ್ಲ್ಡ್ ಟ್ರೇಡ್ ಸೆಂಟರಿನಲ್ಲಿ ಬಾಂಬು ಸಿಡಿದಾಗ ಸತ್ತ ಆರು ಜನ. ಇಷ್ಟೊಂದು ಹೆಸರನ್ನು ಯಾವ ಕ್ರಮದಲ್ಲಿ ಬರೆಯುವುದು? ಯಾವ ಕ್ರಮವೂ ಬೇಡ ಎನ್ನುವುದು ಅರಾದ್ ಅವರ ಮೊದಲ ಯೋಚನೆ. ಮನೆಯವರು ಒಪ್ಪಲಿಲ್ಲ. ಅಕಾರಾದಿಯಾಗಿ ಬರೆದಿದ್ದರೆ ಅದು ಟೆಲಿಫೋನ್ ಡೈರೆಕ್ಟರಿಯಂತಾಗುತ್ತಿತ್ತು. ಕೊನೆಗೆ, ನಿಮ್ಮವರ ಪಕ್ಕದಲ್ಲಿ ಯಾರಿರಬೇಕು ಎಂದು ಕುಟುಂಬಗಳನ್ನೇ ಕೇಳಿದರು. ಸುಮಾರು 1,200 ಕೋರಿಕೆಗಳು ಬಂದವು. ಒಡಹುಟ್ಟಿದವರು, ಒಂದೇ ಕಚೇರಿಯ ಗೆಳೆಯರು, ಅಂದೇ ಪರಿಚಯವಾಗಿ ಕಷ್ಟದಲ್ಲಿ ಜೊತೆಯಾದವರು ಹೀಗೆ ಅಕ್ಕಪಕ್ಕ ಬಂದರು. ಈ ಕೋರಿಕೆಗಳನ್ನೆಲ್ಲ ಹೊಂದಿಸಲು ಕಂಪ್ಯೂಟರಿನ ನೆರವು ಬೇಕಾಯಿತು. ಕ್ಯಾಂಟರ್ ಫಿಟ್ಜೆರಾಲ್ಡ್ ಕಂಪನಿಯ 658 ಜನ ಉತ್ತರದ ಕೊಳದ ಕಟ್ಟೆಯಲ್ಲಿ ಒಟ್ಟಿಗಿದ್ದಾರೆ, ಆದರೆ ಕಂಪನಿಯ ಹೆಸರಿಲ್ಲ. ವಯಸ್ಸು, ಹುದ್ದೆಗಳೂ ಇಲ್ಲ. ಗರ್ಭಿಣಿಯರ ಹೆಸರಿನ ಜೊತೆಗೆ ಮಾತ್ರ ‘ಮತ್ತು ಇನ್ನೂ ಹುಟ್ಟದ ಆಕೆಯ ಮಗು’ ಎಂದು ಕೊರೆದಿದ್ದಾರೆ. ಅದನ್ನು ಓದಿ ಮುಂದಿನ ಹೆಸರಿಗೆ ಹೋಗುವುದು ಸುಲಭವಲ್ಲ.

ದಾರಿಹೋಕರಿಗೆ ಈ ನಂಟುಗಳು ಗೊತ್ತಾಗುವುದಿಲ್ಲ, ಯಾವ ಫಲಕವೂ ಅವನ್ನು ವಿವರಿಸುವುದಿಲ್ಲ. ನಮ್ಮ ಆಲಂಕಾರಿಕರು ಧ್ವನಿ ಎಂದದ್ದು ಇಂಥ ಕಡೆ ಕೆಲಸ ಮಾಡುತ್ತದೆ. ಶೋಕವನ್ನು ಬಾಯಿಬಿಟ್ಟು ಹೇಳದೆ ಬರೀ ನೆರೆಹೊರೆಯನ್ನು ಜೋಡಿಸಿಟ್ಟದ್ದರಿಂದಲೇ ಇಲ್ಲಿ ಕರುಣ ಮಡುಗಟ್ಟಿದೆ.

2014ರಲ್ಲಿ ತೆರೆದ ಮ್ಯೂಸಿಯಂ ಇರುವುದು ನೆಲದಡಿ, ಸುಮಾರು 70 ಅಡಿ ಆಳದಲ್ಲಿ. ಅಂದು ನೂರಾರು ಜನ ಇಳಿದು ಪಾರಾದ ಮೆಟ್ಟಿಲುಗಳನ್ನು ಹಾಗೇ ತಂದು ಇಟ್ಟಿದ್ದಾರೆ. ಅದರ ಪಕ್ಕದಲ್ಲೇ ನಾವೂ ಇಳಿಯುತ್ತೇವೆ. ತಳದಲ್ಲಿ, ಹಡ್ಸನ್ ನದಿಯ ನೀರು ಪಾಯದೊಳಗೆ ನುಗ್ಗದಂತೆ ಗೋಪುರ ಕಟ್ಟುವ ಕಾಲದಲ್ಲಿ ಎಬ್ಬಿಸಿದ ಕಾಂಕ್ರೀಟು ಗೋಡೆ ಸಿಗುತ್ತದೆ. ಅಷ್ಟೆಲ್ಲ ಕುಸಿದರೂ ಇದು ನದಿಯನ್ನು ತಡೆದು ನಿಂತಿತು. ಒರಟು ಗೋಡೆಯೇನೋ ಹೌದು, ಆದರೂ ಅದರ ಮುಂದೆ ಬಹಳ ಹೊತ್ತು ನಿಲ್ಲುವಂತಾಗುತ್ತದೆ.

ಇನ್ನೊಂದು ಗೋಡೆಯ ತುಂಬ ನೀಲಿ. ಕಲಾವಿದ ಸ್ಪೆನ್ಸರ್ ಫಿಂಚ್ ಜಲವರ್ಣದಲ್ಲಿ ಬಳಿದ 2,983 ಕಾಗದದ ಚೌಕಗಳು. ಒಂದರ ನೀಲಿ ಇನ್ನೊಂದರಲ್ಲಿಲ್ಲ. ಆ ಬೆಳಿಗ್ಗೆ ಆಕಾಶ ತೀರ ನಿರ್ಮಲವಾಗಿತ್ತು, ಅದರ ಬಣ್ಣ ಯಾವುದೆಂದು ನೆನೆಯುವ ಪ್ರಯತ್ನವಿದು. ದೂರದಿಂದ ಒಂದೇ ಆಕಾಶ. ಹತ್ತಿರ ಹೋದರೆ ಒಂದು ಚೌಕ ಬೂದಿಗೆ ವಾಲುತ್ತದೆ, ಇನ್ನೊಂದು ಹಸಿರಿಗೆ. ಬೇರೆಬೇರೆ ಜನ ಒಂದೇ ಆಕಾಶವನ್ನು ನೆನೆದಂತೆ! ಆ ಗೋಡೆಯ ಹಿಂದೆಯೇ ಗುರುತು ಸಿಗದ ದೇಹಾವಶೇಷಗಳನ್ನು ಕಾಪಾಡಿದ್ದಾರೆ. ಗುರುತು ಹಚ್ಚುವ ಕೆಲಸ ಇವತ್ತಿಗೂ ಮುಗಿದಿಲ್ಲ.

ಅಂದಿನ ಘಟನೆಗಳನ್ನು ನಿಮಿಷ ನಿಮಿಷವಾಗಿ ಬಿಚ್ಚಿಡುವ ಪ್ರದರ್ಶನವೂ ಇದೆ. ಧ್ವನಿಮುದ್ರಿಕೆ, ಚಿತ್ರ, ಸುಟ್ಟ ವಸ್ತುಗಳು ಅಲ್ಲಿ ಕಿಕ್ಕಿರಿದಿವೆ. ದಾಖಲೆಯಾಗಿ ಅದು ಬೇಕೇ ಬೇಕು. ಆದರೆ ಅಲ್ಲಿ ಮನಸ್ಸು ಕಂಗಾಲಾಗುತ್ತದೆ, ನೆನೆಯಲು ಬಿಡುವು ಸಿಗುವುದಿಲ್ಲ. ಕೊಳದ ಕಟ್ಟೆ ಮತ್ತು ನೀಲಿಯ ಗೋಡೆ ಎರಡನ್ನೂ ಅದಕ್ಕಿಂತ ಮೇಲಿನದಾಗಿ ಎಣಿಸುತ್ತೇನೆ.

ಮಕ್ಕಳ ಮನೆಗೆಂದು ನ್ಯೂಜೆರ್ಸಿಗೆ ಹೋಗುವ ನಮ್ಮ ಕಡೆಯ ಹಿರಿಯರು ಲಿಬರ್ಟಿ ಪ್ರತಿಮೆ ನೋಡಿದ ದಿನವೇ ಇದನ್ನೂ ಅವಸರದಲ್ಲಿ ಮುಗಿಸಬಾರದು. ಇನ್ನೊಂದು ದಿನ ಸಂಜೆ, ದೀಪ ಹತ್ತುವ ಹೊತ್ತಿಗೆ ಬನ್ನಿ. ಮ್ಯೂಸಿಯಂಗೆ ಟಿಕೆಟ್ ಬೇಕು, ಕೊಳಗಳ ಆವರಣಕ್ಕೆ ಬೇಡ. ಎರಡರಲ್ಲಿ ಒಂದನ್ನೇ ನೋಡಲು ಸಾಧ್ಯವಾದರೆ ಕೊಳಗಳನ್ನೇ ನೋಡಿ.